ಸೋರಲೇಬೇಕಾದ ಕೊಳವೆ

ಗುಳುಗುಳು, ಗುಳುಗುಳು. ಅಣೆಕಟ್ಟಿನ ಬುಡದ ಕೊಳವೆಯಿಂದ ಕಲ್ಲುತೊಟ್ಟಿಗೆ ನೀರು ಬೀಳುವ ಈ ಸದ್ದು ಗೇಟಕ್ಕನ ಅಡುಗೆಮನೆಗೆ ಹಗಲಿರುಳೂ ಕೇಳಿಸುತ್ತದೆ. ಅತ್ತೆಯ ಕಣ್ಣಿನ ಆಪರೇಷನ್ನಿಗೆಂದು ಎರಡು ದಿನ ಪೇಟೆಗೆ ಹೋಗಿದ್ದವಳು ಆ ಬೆಳಿಗ್ಗೆ ಮನೆಗೆ ಬಂದು ಚೀಲ ಇಳಿಸಿದಳು. ಸದ್ದಿರಲಿಲ್ಲ. ಕೈಕಾಲು ಕೂಡ ತೊಳೆಯದೆ ಹಿತ್ತಿಲ ಬಾಗಿಲು ತೆಗೆದಳು.

ಈ ಮಣ್ಣಿನ ಏರಿಗೆ ಅರವತ್ತು ದಾಟಿದೆ. ಗೇಟು ನೋಡಿಕೊಳ್ಳುತ್ತಿದ್ದ ಅಪ್ಪನ ಮೊಣಕಾಲು ಸೋತಾಗ ಕೆಲಸ ಅವಳ ಪಾಲಿಗೆ ಬಂತು. ಹೆಂಗಸಿನ ಕೈಲಿ ಗೇಟು ತಿರುಗೀತೇ ಎಂದು ಮೂಗು ಮುರಿದವರೇ ಈಗ ಅವಳನ್ನು ಕೇಳಿ ಗದ್ದೆಗಿಳಿಯುತ್ತಾರೆ. ತಿರುಪಿಗೆ ಗ್ರೀಸು ಬಳಿಯುವುದು, ಏರಿಯ ಮೇಲಿನ ಗಿಡಗಳನ್ನು ಬೆರಳುದ್ದ ಇರುವಾಗಲೇ ಕೀಳುವುದು, ಹೆಗ್ಗಣದ ಬಿಲಕ್ಕೆ ಮಣ್ಣು ಬಡಿಯುವುದು. ದಿನಾ ಬೆಳಿಗ್ಗೆ ಕೊಳವೆಯ ಕೆಳಗೆ ಬಕೆಟ್ ಇಟ್ಟು, ಅದು ತುಂಬುವ ಹೊತ್ತನ್ನು ಗಡಿಯಾರ ನೋಡಿ ಬರೆದಿಡುವುದು. "ನನ್ನ ಬಿಪಿ ಯಾವತ್ತಾದ್ರೂ ಹಿಂಗೆ ನೋಡಿದ್ಯೇನೇ?" ಎಂದು ಅತ್ತೆ ಛೇಡಿಸುವುದುಂಟು.

ಕೊಳವೆಯ ಬಾಯಿಗೆ ನುಣ್ಣಗೆ ಸಿಮೆಂಟು ಮೆತ್ತಿತ್ತು. ಪಕ್ಕದಲ್ಲಿ ಕರಣೆ ಹಿಡಿದು ತಮ್ಮ ನಗುತ್ತ ನಿಂತಿದ್ದ. ಗಾರೆ ಕೆಲಸದವನು, ಅಕ್ಕ ಬರುವವರೆಗೆ ಏರಿ ಕಾಯಲು ಒಪ್ಪಿಕೊಂಡಿದ್ದವನು.

"ಹನ್ನೊಂದು ಗಂಟೆಗೆ ಇಂಜಿನಿಯರ್ ಬರ್ತಾರಲ್ಲ, ನಿನ್ನ ಮರ್ಯಾದೆ ಉಳಿಸ್ದೆ. ನಿನ್ನೆ ಮಧ್ಯಾಹ್ನವೇ ಸೋರಿಕೆ ಬಂದ್ ಮಾಡ್ದೆ!"

ಅವಳು ಏರಿಯ ಇಳಿಜಾರನ್ನು ನಾಲ್ಕು ಹೆಜ್ಜೆ ಹತ್ತಿದಳು. ಒಣಗಿರಬೇಕಿದ್ದ ಹುಲ್ಲು ತೊಯ್ದಿತ್ತು. ಕಾಲು ಹಿಮ್ಮಡಿಯವರೆಗೆ ಹೂತಿತು.

"ಏರಿಯೊಳಗೆ ಇಳಿದ ನೀರು ಆಚೆ ಬರೋಕೆ ಇದ್ದ ದಾರೀನೇ ಮುಚ್ಚಿದೀಯಲ್ಲೋ! ಈಗ ಅದು ಮಣ್ಣು ಕೊರ್ಕೊಂಡು ಇಲ್ಲಿ ಬರ್ತಿದೆ."

ತಮ್ಮನ ನಗು ಆರಿಹೋಯಿತು. ಏರಿಯ ಕೆಳಗೆ ಮೂರು ಬೀದಿ. ಮೊದಲನೆಯದರಲ್ಲೇ ಅವನ ಮನೆ, ಬಸುರಿ ಹೆಂಡತಿ.

ಗೇಟಕ್ಕ ಗಾಬರಿಯನ್ನು ಹತ್ತಿರ ಸುಳಿಯಗೊಡಲಿಲ್ಲ. ಇಂಜಿನಿಯರಿಗೆ ಫೋನು ಮಾಡಿದಳು. ಮೂರು ಬೀದಿಯವರಿಗೂ ಮನೆ ಬಿಟ್ಟು ದಿಬ್ಬದ ಶಾಲೆಗೆ ಹೋಗಲು ಹೇಳಿಸಿದಳು. ಏರಿಯ ಮೇಲಿನ ಒತ್ತಡ ಇಳಿಯಲೆಂದು ಗೇಟಿನ ಚಕ್ರಕ್ಕೆ ಮೈಭಾರ ಕೊಟ್ಟು ತಿರುಗಿಸಿ ಕಾಲುವೆಗೆ ನೀರು ಬಿಟ್ಟಳು. ಆಮೇಲೆ ಉಳಿ, ಸುತ್ತಿಗೆ ತಂದು ತಮ್ಮನ ಕೈಗಿತ್ತಳು.

ಅವನು ಬೆವರಿಳಿಸಿ ಬಡಿದ. "ಅಕ್ಕಾ, ನನ್ನ ಕೆಲಸ ಇಷ್ಟು ಗಟ್ಟಿ ಅಂತ ನಂಗೇ ಗೊತ್ತಿರ್ಲಿಲ್ಲ."

"ಊರಲ್ಲಿ ನೀನು ಕಟ್ಟಿದ ತೊಟ್ಟಿ ಎಲ್ಲಾ ಸೋರ್ತವೆ. ಸೋರಬೇಕಾದ್ದೊಂದನ್ನ ಮಾತ್ರ ಭದ್ರ ಮಾಡಿದೀಯ. ಬಡಿ, ಬಡಿ."

ಸಿಮೆಂಟು ಒಡೆದು ನೀರು ಚಿಮ್ಮಿತು. ಅವಳು ಗಾಜಿನ ಬಾಟಲಿ ಒಡ್ಡಿದಳು. ಚಹಾದ ಬಣ್ಣ. ಕೊಳವೆಯಲ್ಲಿ ಕೂತಿದ್ದ ಕೆಸರಷ್ಟೇ ಆದರೆ ತಿಳಿಯಾಗುತ್ತದೆ. ತಿಳಿಯಾಗದಿದ್ದರೆ ಏರಿ ಒಳಗಿಂದೊಳಗೇ ಕರಗುತ್ತಿದೆ ಎಂದರ್ಥ. ಅಪ್ಪ ಕಲಿಸಿದ್ದು ಇಷ್ಟೇ, ಅವಳಿಗೆ ಇಷ್ಟು ಸಾಕಿತ್ತು. ಹತ್ತು ನಿಮಿಷ ಬಿಟ್ಟು ಎರಡನೆಯದು: ಕಲಗಚ್ಚು. ಅಷ್ಟರಲ್ಲಿ ಓಡುತ್ತ ಬಂದ ಇಂಜಿನಿಯರ್, ಇನ್ನೂ ಮೀಸೆ ಬಲಿಯದ ಹುಡುಗ, ಬಾಟಲಿ ನೋಡಿ ಬಿಳುಚಿದ.

"ಮೇಡಂ, ಏನಾಗುತ್ತೆ?"

"ಇನ್ನೊಂದು ಹಿಡೀಬೇಕು ಸಾರ್. ಹಿಡಿದೇ ಹೇಳ್ತೀನಿ."

ಮೂರನೆಯದು, ನಾಲ್ಕನೆಯದು. ಐದನೆಯ ಬಾಟಲಿಯ ಆಚೆಗೆ ತಮ್ಮನ ಅಂಗಿಯ ಗುಂಡಿಗಳು ಎಣಿಸುವಷ್ಟು ಸ್ಪಷ್ಟವಾಗಿ ಕಂಡವು. ತಮ್ಮ ಉಳಿ, ಸುತ್ತಿಗೆ ಕೆಳಗಿಟ್ಟ.

"ಹಾಗಾದ್ರೆ ಗಂಡಾಂತರ ಕಳೀತು ಅಂತ ಬರೀಲಾ?" ಇಂಜಿನಿಯರ್ ಪೆನ್ನು ತೆಗೆದ.

"ಅಷ್ಟು ಬೇಗ ಬರೀಬೇಡಿ ಸಾರ್. ಜನ ಇವತ್ತು ಶಾಲೇಲೇ ಇರ್ಲಿ. ಆ ಒದ್ದೆ ಜಾಗದ ಸುತ್ತ ಗೂಟ ಹೊಡೀತೀನಿ, ಸಂಜೆ ಹೊತ್ತಿಗೆ ಅದು ಗೂಟದಿಂದ ಒಳಕ್ಕೆ ಸರಿದ್ರೆ ಸರಿ, ಆಚೆಗೇನಾದ್ರೂ ಬಂತು ಅಂದ್ರೆ ನೀವು ಆಗ್ಲೇ ಮೇಲಿನವ್ರನ್ನ ಕರೆಸ್ಬೇಕು" ಎನ್ನುತ್ತಲೇ ಗೂಟದ ಕಟ್ಟನ್ನು ಕಂಕುಳಿಗೇರಿಸಿ, ಹಿಂತಿರುಗಿ ನೋಡದೆ ಏರಿ ಹತ್ತಿದಳು.