ಅಮ್ಮನಿಗೆ ತೋರಿಸಲು ಹೊರಟ ಸರೋವರ

ಅಮ್ಮ ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದಳು. ಹಿಮನದಿ ಬೆಟ್ಟವನ್ನು ಕೊರೆದು, ಆಮೇಲೆ ಕರಗಿ, ಬಿಟ್ಟುಹೋದ ಗುಳಿಯಲ್ಲಿ ನೀರು ನಿಂತು ಸರೋವರವಾಗುವುದನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದಳು. ಸ್ವತಃ ಅವಳು ನೋಡಿದ್ದು ಕುಕ್ಕರಹಳ್ಳಿ ಕೆರೆ ಮತ್ತು ಕನ್ನಂಬಾಡಿ ಕಟ್ಟೆ, ಅಷ್ಟೆ. ನಾನು ಕೆಲಸಕ್ಕೆಂದು ಐರ್ಲೆಂಡಿಗೆ ಬಂದು, ಕಾರ್ಕ್ ಸಿಟಿಯಲ್ಲಿ ಮನೆ ಮಾಡಿ, ಪಕ್ಕದ ಕೆರ್ರಿ ಜಿಲ್ಲೆಯ ಬೆಟ್ಟದ ನಡುವಿನ ನೀರಿನ ಫೋಟೋ ಕಳಿಸಿದ ದಿನ ಅಮ್ಮ ಫೋನ್ ಮಾಡಿದಳು. ಊಟ ಆಯಿತಾ ಎಂದೂ ಕೇಳಲಿಲ್ಲ.

"ಅದು ಹಿಮನದಿ ಕೊರೆದಿದ್ದು ಕಣೇ! ಒಂದ್ಸಲ ಕಣ್ಣಾರೆ ನೋಡ್ಬೇಕು. ಬೇಗ ಕರೆಸ್ಕೋ."

ನಾನು ಬೇಗ ಕರೆಸಿಕೊಳ್ಳಲಿಲ್ಲ. ಮೊದಲ ವರ್ಷ ಬಾಡಿಗೆ ಮನೆ ಬದಲಾಯಿಸುತ್ತಿದ್ದೆವು. ಎರಡನೆಯ ವರ್ಷ ಜುಲೈಯಲ್ಲಿ ಆಫೀಸಿನಲ್ಲಿ ದೊಡ್ಡ ಸಾಫ್ಟ್‌ವೇರ್ ರಿಲೀಸ್ ಇತ್ತು. ರಜೆ ಕೇಳುವ ಧೈರ್ಯ ನನಗಿರಲಿಲ್ಲ. ಅದನ್ನು ಹೇಳುವುದು ಬಿಟ್ಟು, "ಆಷಾಢ ಅಮ್ಮಾ, ಆಷಾಢದಲ್ಲಿ ಪ್ರಯಾಣ ಬೇಡ" ಎಂದುಬಿಟ್ಟೆ. ಪಂಚಾಂಗವನ್ನು ಯಾವತ್ತೂ ತೆರೆದು ನೋಡದವಳು ನಾನು. ಅಮ್ಮ ನಕ್ಕಳು. "ಆಷಾಢ ಇರೋದು ಹೊಸ ಸೊಸೆಗೆ ಕಣೇ, ಅರವತ್ತೆಂಟರ ಮುದುಕಿಗಲ್ಲ." ಆದರೂ ನಾನು ಜಗ್ಗಲಿಲ್ಲ. ಆಷಾಢ ಮುಗಿದರೆ ವರಮಹಾಲಕ್ಷ್ಮಿ, ಅದಾದರೆ ಗೌರಿ ಗಣೇಶ, ಆಮೇಲೆ ಪಿತೃಪಕ್ಷ. ಒಂದು ನೆಪ ಹೇಳಿದವಳಿಗೆ ಉಳಿದ ನೆಪಗಳನ್ನು ಪಂಚಾಂಗವೇ ಒದಗಿಸಿತು. ಈ ದೇಶದಲ್ಲಿ ಬೆಳಕು ಇರುವುದೇ ಆ ನಾಲ್ಕು ತಿಂಗಳು. ಮೂರನೆಯ ವರ್ಷವೂ ಹೀಗೇ ಆಗಿ, ಕೊನೆಗೆ ದಸರಾ ಮುಗಿಸಿಕೊಂಡು ಅಮ್ಮ ಬಂದಿಳಿದಾಗ ಇಲ್ಲಿ ಸಂಜೆ ಐದಕ್ಕೆಲ್ಲ ಕತ್ತಲಾಗುತ್ತಿತ್ತು.

ವೀಲ್‌ಚೇರಿನಲ್ಲಿ ಬಂದಳು. ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಇಲ್ಲಿರುವ ನಮ್ಮವರೆಲ್ಲ ಅಪ್ಪ ಅಮ್ಮಂದಿರಿಗೆ, ಕಾಲು ಕಲ್ಲಿನಷ್ಟು ಗಟ್ಟಿಯಿದ್ದರೂ, ಟಿಕೆಟಿನ ಜೊತೆಗೇ ವೀಲ್‌ಚೇರ್ ಹೇಳಿಬಿಡುತ್ತಾರೆ. ವಿಮಾನ ಬದಲಿಸುವಾಗ ದಾರಿ ತಪ್ಪಬಾರದೆಂದು. ನಾನೂ ಹೇಳಿದ್ದೆ. ಹಾಗಾಗಿ ಅಮ್ಮ ಅಷ್ಟು ದೂರವನ್ನು ಯಾರದೋ ಕೈಹಿಡಿದೇ ದಾಟಿದ್ದಾಳೆಂದು ನನಗೆ ಹೊಳೆಯಲಿಲ್ಲ.

ಮೂರನೆಯ ದಿನ ಅಮ್ಮ ನನ್ನ ಗಂಡನಿಗೆ ಹುಳಿ ಬಡಿಸಿದಳು. ಸೌಟು ತಟ್ಟೆಯನ್ನು ದಾಟಿ ಹೋಗಿ ಹುಳಿಯೆಲ್ಲ ಮೇಜಿನ ಮೇಲೆ ಬಿತ್ತು. ಅವಳಿಗೆ ಅದು ಗೊತ್ತಾಗಲಿಲ್ಲ. "ಸಾಕಾ, ಇನ್ನೊಂದು ಸೌಟು ಹಾಕ್ಲಾ?" ಎಂದಳು. ಅವನು ಬಟ್ಟೆಯಿಂದ ಸದ್ದಿಲ್ಲದೆ ಒರೆಸುತ್ತಾ, "ಸಾಕು ಅತ್ತೆ, ತುಂಬಾ ಆಯ್ತು" ಎಂದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ವಾರದೊಳಗೆ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಗ್ಲಾಕೋಮಾ. ಕಣ್ಣಿನ ಒತ್ತಡ ನರವನ್ನು ತಿಂದುಹಾಕಿದೆ, ಹೋದದ್ದು ವಾಪಸು ಬರುವುದಿಲ್ಲ, ಉಳಿದಿರುವುದು ಹೆಚ್ಚೆಂದರೆ ಬೆಳಕು ನೆರಳು, ಅದನ್ನು ಕಾಪಾಡಿಕೊಳ್ಳಲು ಡ್ರಾಪ್ಸ್ ಹಾಕಿ ಎಂದರು. ಅಮ್ಮ ಬ್ಯಾಗಿನಿಂದ ಅದೇ ಡ್ರಾಪ್ಸಿನ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಅವಳಿಗೆ ಎರಡು ವರ್ಷದಿಂದ ಗೊತ್ತಿತ್ತು. ಮೈಸೂರಿನಲ್ಲಿ ಜೊತೆಗಿರುವ ಅಣ್ಣನಿಗೂ ಪೂರ್ತಿ ಹೇಳಿರಲಿಲ್ಲ.

ಕಾರಿನಲ್ಲಿ ಕೂತು ನಾನು ಕೂಗಾಡಿದೆ. "ಯಾಕೆ ಹೇಳ್ಲಿಲ್ಲ? ಏನಂದ್ಕೊಂಡಿದೀಯ ನಮ್ಮನ್ನ?"

"ಹೇಳಿದ್ರೆ ಕಳಿಸ್ತಿದ್ರಾ? ಬೇಗ ಕರೆಸ್ಕೋ ಅಂತ ಎಷ್ಟು ಸಲ ಅಂದೆ," ಅಂದಳು ಅಮ್ಮ. ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅವಳು ಎರಡು ವರ್ಷದಿಂದ ಬೇಗ ಬೇಗ ಎಂದದ್ದು ನನಗೆ ಎಲ್ಲ ತಾಯಂದಿರ ಗೊಣಗಾಟದಂತೆ ಕೇಳಿಸಿತ್ತು. ಮೊದಲ ಬೇಸಿಗೆಯಲ್ಲಿ ಬಂದಿದ್ದರೆ ಎಲ್ಲವನ್ನೂ ನೋಡುತ್ತಿದ್ದಳು. ಎರಡನೆಯದರಲ್ಲಾದರೂ ಒಂದಿಷ್ಟು ಕಾಣುತ್ತಿತ್ತು. ಈ ಲೆಕ್ಕ ನನ್ನ ತಲೆಯಿಂದ ಇನ್ನು ಹೋಗುವುದಿಲ್ಲ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಜನ ನಾವು. ಮಾರನೆಯ ದಿನವೇ ರಜೆ ಹಾಕಿದೆ. ಎರಡು ವರ್ಷ ಸಿಗದ ರಜೆ ಎರಡು ನಿಮಿಷದಲ್ಲಿ ಸಿಕ್ಕಿತು. ಚಪಾತಿ, ಚಟ್ನಿಪುಡಿ, ಫ್ಲಾಸ್ಕಿನಲ್ಲಿ ಕಾಫಿ ಕಟ್ಟಿಕೊಂಡು ಮೂವರೂ ಕೆರ್ರಿಯ ಕಿಲಾರ್ನಿ ಊರಿನ ಕಡೆ ಹೊರಟೆವು. ಉಳಿದ ಬೆಳಕು ನೆರಳಿನಲ್ಲೇ ಅಮ್ಮನಿಗೆ ಎಲ್ಲವನ್ನೂ ತೋರಿಸಿಬಿಡುವ ಹಟ ನನ್ನದು.

ಮೊದಲು ಹತ್ತಿದ ವ್ಯೂ ಪಾಯಿಂಟಿನಲ್ಲಿ ಏನೂ ಇರಲಿಲ್ಲ, ಬರೀ ಮೋಡ. ಕಣಿವೆ, ಕೆಳಗಿನ ಮೂರು ಸರೋವರ, ಎದುರಿನ ಬೆಟ್ಟ ಎಲ್ಲವನ್ನೂ ಅಲ್ಲಿ ನೆಟ್ಟ ಬೋರ್ಡಿನಲ್ಲಿ ಓದಿಕೊಳ್ಳಬೇಕು. ಅಮ್ಮ ಕಂಬಿ ಹಿಡಿದು ನಿಂತು, "ನಿಂಗೇನಾದ್ರೂ ಕಾಣ್ತಿದ್ಯಾ?" ಎಂದಳು. ಇಲ್ಲ ಎಂದೆ. "ಸರಿ ಹೋಯ್ತು ಬಿಡು. ಇವತ್ತು ನೀನೂ ನಾನೂ ಒಂದೇ," ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಜಲಪಾತ ವಾಸಿ. ಪಾಚಿ ಹಿಡಿದ ಮರಗಳ ನಡುವಿನ ದಾರಿಯಲ್ಲಿ ನಡೆಯುತ್ತಲೇ ಅಮ್ಮ ಸದ್ದು ಕೇಳಿ, "ಒಂದೇ ಸಲ ಬೀಳ್ತಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬೀಳ್ತಿದೆ" ಎಂದಳು. ಸರಿಯಾಗಿಯೇ ಹೇಳಿದ್ದಳು. ಹನಿ ಮುಖಕ್ಕೆ ಸಿಡಿದಾಗ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಜಡಿಮಳೆಯಲ್ಲಿ ನಾಯಿ ಅಡ್ಡಾಡಿಸುತ್ತಿದ್ದ ಮುದುಕನೊಬ್ಬ "ಗ್ರ್ಯಾಂಡ್ ಡೇ" ಎಂದು ಹೇಳಿ ಹೋದ. "ಮಳೆ ಸುರೀತಿದೆ, ಗ್ರ್ಯಾಂಡ್ ಅಂತಾನಲ್ಲೇ?" ಎಂದಳು ಅಮ್ಮ. "ಇಲ್ಲಿ ಸತ್ತೋಗ್ತಿದ್ರೂ ಗ್ರ್ಯಾಂಡೇ ಅತ್ತೆ," ಎಂದ ನನ್ನ ಗಂಡ. ಅವನು ಮಾತಿನ ಭರದಲ್ಲಿ ಅಂದದ್ದು. ಆದರೂ ಅವನ ಮೇಲೆ ಇಡೀ ದಿನ ಸಿಡುಕಿದೆ.

ಅಮ್ಮ ಕೇಳಿದ್ದು ಮಾತ್ರ ಸರೋವರವನ್ನೇ. ಅವಳ ವೀಸಾದ ಕೊನೆಯ ವಾರ, ಅದೃಷ್ಟಕ್ಕೆ ಒಂದು ದಿನ ಬಿಸಿಲು ಬಿತ್ತು. ಕಾರಿನಿಂದ ಇಳಿದರೆ ಇಪ್ಪತ್ತು ಹೆಜ್ಜೆಗೆ ನೀರು ಸಿಗುವ ಸಣ್ಣ ಸರೋವರವೊಂದಕ್ಕೆ ಹೋದೆವು. ಗಾಳಿಯಿಲ್ಲ, ಅಲೆಯಿಲ್ಲ. ನೀರಿನ ಸದ್ದೇ ಇಲ್ಲ. ಅಣ್ಣ ಫೋಟೋ ಕಳಿಸು ಎಂದು ಬೆಳಗ್ಗೆಯಿಂದ ಪೀಡಿಸುತ್ತಿದ್ದ. ಮೊದಲು ಅದನ್ನು ಮುಗಿಸೋಣವೆಂದು ಅಮ್ಮನ ತೋಳು ಹಿಡಿದು ತಂದು, ಹಿಂದೆ ನೀರೂ ಬೆಟ್ಟವೂ ಬರುವ ಹಾಗೆ ನಿಲ್ಲಿಸಿ, ಶಾಲು ಸರಿಮಾಡಿ, ನಾಲ್ಕು ಹೆಜ್ಜೆ ಹಿಂದಕ್ಕೆ ಬಂದು ಫೋನ್ ಎತ್ತಿದೆ. ನನ್ನ ಬೆನ್ನ ಹಿಂದೆ ಕಾರ್ ಪಾರ್ಕು, ಒಂದು ಟೂರಿಸ್ಟ್ ಬಸ್ಸು, ಕಸದ ಡಬ್ಬ.

"ಬಂದ್ವಾ?" ಎಂದಳು.

"ಬಂದ್ವಿ ಅಮ್ಮಾ, ಇದೇ."

"ನೀರಿನಾಚೆ ಬೆಟ್ಟದ ಗೋಡೆ ಕಡಿದಾಗಿದ್ಯಾ? ನೀರು ಹೊರಗೆ ಹೋಗೋ ಕಡೆ ಕಲ್ಲುಮಣ್ಣಿನ ದಿಬ್ಬ ಇರ್ಬೇಕು, ನೋಡು."

ನಾನು ನೋಡಿದೆ. ಬೆಟ್ಟವಿತ್ತು, ನೀರಿತ್ತು. ದಿಬ್ಬ ಯಾವುದು, ಗೋಡೆ ಯಾವುದು, ನನಗೆ ತಿಳಿಯಲಿಲ್ಲ. ನೋಡಬಲ್ಲವಳಿಗೆ ಕಣ್ಣಿಲ್ಲ, ಕಣ್ಣಿದ್ದವಳಿಗೆ ನೋಡಲು ಬಾರದು. "ಇದೆ ಅಮ್ಮಾ, ಎಲ್ಲಾ ಇದೆ" ಎಂದೆ.

ಅಮ್ಮ ಬೆನ್ನು ನೆಟ್ಟಗೆ ಮಾಡಿದಳು. ಎರಡೂ ಕೈ ಜೋಡಿಸಿ, ತಲೆ ಬಾಗಿಸಿ, ತನ್ನೆದುರಿಗಿದ್ದ ಬಸ್ಸಿಗೆ ನಮಸ್ಕಾರ ಮಾಡಿದಳು. ಅಷ್ಟು ದೊಡ್ಡದಾಗಿ, ಅಷ್ಟು ಬೆಳ್ಳಗೆ ಬಿಸಿಲಿಗೆ ಹೊಳೆಯುತ್ತಿದ್ದುದು ಅದೊಂದೇ.

"ಏನು ಹೊಳಪು ಕಣೇ," ಎಂದಳು. "ಇಷ್ಟಾದ್ರೂ ಕಾಣ್ತಲ್ಲ."

ಗಂಡ ನನ್ನ ಕಡೆ ನೋಡಿದ. ತಿರುಗಿ ನಿಲ್ಲಮ್ಮಾ ಎಂದು ಹೇಳುವುದು ಎಷ್ಟರ ಮಾತು. ತಿರುಗಿಸಿದ್ದರೆ ಅವಳಿಗೆ ಸಿಗುತ್ತಿದ್ದುದು ಬೆಟ್ಟದ ನೆರಳು ಬಿದ್ದ ಕಪ್ಪು ನೀರು. ಅದು ಅವಳಿಗೆ ಕಾಣುತ್ತಲೇ ಇರಲಿಲ್ಲ. ಬಸ್ಸು ಹೊರಡಲು ಇಂಜಿನ್ ಶುರು ಮಾಡಿತು. ಅದು ಅಲ್ಲಾಡುವ ಮೊದಲೇ ಓಡಿಹೋಗಿ ಅಮ್ಮನ ತೋಳು ಹಿಡಿದು, "ನಡಿ ಅಮ್ಮಾ, ಚಳಿಯಾಗುತ್ತೆ" ಎಂದು ಕಾರಿನೊಳಗೆ ಕೂರಿಸಿ ಬಾಗಿಲು ಹಾಕಿದೆ.