ಸೆಂಟಿನ ಮೇಲೆ ಹೊರಿಸಿದ ತಪ್ಪು

ನನ್ನ ಅಣ್ಣ ಕುಡುಕನಲ್ಲ. ಯಾವತ್ತೂ ಆಗಿರಲಿಲ್ಲ. ಅವನನ್ನು ಕುಡುಕನನ್ನಾಗಿ ಮಾಡಿದವಳು ನಾನು, ಅವನ ಒಡಹುಟ್ಟಿದ ತಂಗಿ— ಮೂರೇ ಮಾತಿನಲ್ಲಿ, ಚಹಾ ಒಂದು ಕುದಿ ಬರುವಷ್ಟು ಹೊತ್ತಿನಲ್ಲಿ. ಆಮೇಲೆ ಹದಿನಾಲ್ಕು ವರ್ಷ ಆ ತಪ್ಪನ್ನು ಒಂದು ಸೆಂಟಿನ ಬಾಟಲಿಯ ಮೇಲೆ ಹೊರಿಸಿ ಸುಮ್ಮನಿದ್ದೆ.

ಇದನ್ನು ಬರೆಯಬೇಡ ಎಂದವರಿದ್ದಾರೆ. "ಮುಚ್ಚಿದ್ದನ್ನ ಯಾಕ ತೆಗೀತಿ? ಮನಿ ಮರ್ಯಾದಿ ಹೋಗತೈತಿ" ಎಂದಳು ನಮ್ಮ ಅತ್ತೆ, ಅಪ್ಪನ ತಂಗಿ. ಮರ್ಯಾದೆ ಹೋಗಿ ಹದಿನಾಲ್ಕು ವರ್ಷವಾಯಿತು. ಹೋದದ್ದು ಅಣ್ಣನೊಬ್ಬನದು, ಅದಕ್ಕೇ ಯಾರಿಗೂ ಉರಿಯಲಿಲ್ಲ. ನಾನು ಏಳನೆಯ ಇಯತ್ತೆವರೆಗೆ ಕಲಿತವಳು, ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ದುಡಿಯುವವಳು. ಬರವಣಿಗೆ ತಿದ್ದಿಕೊಡುತ್ತೇನೆ ಎಂದಳು ಮಗಳು. ಬೇಡ ಎಂದೆ. ತಿದ್ದಿದರೆ ಇದು ನನ್ನದಾಗಿ ಉಳಿಯುವುದಿಲ್ಲ.

ಅಣ್ಣ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಕರಗಿದ ಕಬ್ಬಿಣ ಹೊಯ್ಯುವುದಕ್ಕೆ ಮರಳಿನ ಅಚ್ಚು ಕಟ್ಟುತ್ತಾನೆ. ಅಲ್ಲೇ ಮೈ ತೊಳೆದುಕೊಂಡು ಹೊರಟರೂ ಸುಟ್ಟ ಮರಳು, ಎಣ್ಣೆ, ಕಬ್ಬಿಣ ಎಲ್ಲ ಸೇರಿದ ಒಂದು ವಾಸನೆ ಕೂದಲಲ್ಲಿ, ಉಗುರಲ್ಲಿ ಉಳಿಯುತ್ತಿತ್ತು. ಒಂದು ಸಂಜೆ ಖಾನಾಪುರದ ಬಸ್ಸಿನಲ್ಲಿ ಪಕ್ಕದ ಹೆಂಗಸು ಮೂಗಿಗೆ ಸೆರಗು ಹಿಡಿದಳಂತೆ. ಅಣ್ಣ ಎದ್ದು ಊರು ಬರುವ ತನಕ ನಿಂತೇ ಬಂದ. "ಆಕಿ ತಪ್ಪಲ್ಲ ಬಿಡು" ಎಂದು ನನಗೆ ನಕ್ಕು ಹೇಳಿದ. ಮುಂದಿನ ರವಿವಾರ ಖಡೇ ಬಜಾರಿಗೆ ಹೋಗಿ ಸೆಂಟು ತಂದ.

ಅಂಗಡಿಯ ಮುದುಕರು ಮೊದಲು ಯಾವ ಬಾಟಲಿಯನ್ನೂ ತೆಗೆಯಲಿಲ್ಲವಂತೆ. ಏನು ಕೆಲಸ, ಸಿಟ್ಟು ಹೆಚ್ಚೋ ಕಡಿಮೆಯೋ, ಮಂದಿಯಲ್ಲಿ ಮಾತಾಡುತ್ತೀರೋ ಇಲ್ಲವೋ ಎಂದು ಕೇಳಿದರಂತೆ. ಆಮೇಲೆ ಒಂದನ್ನು ಮುಂದಿಟ್ಟು, "ನೀವು ಬಾಯಿ ಬಿಟ್ಟು ಏನೂ ಕೇಳವರಲ್ಲ. ನಿಮಗ ಇದ ಒಪ್ಪತೈತಿ ನೋಡ್ರಿ. ಇದು ನಿಮ್ಮ ಮುಂದ ಓಡೂದಿಲ್ಲ, ಹಿಂದ ಬರತೈತಿ. ಆದ್ರ ಸ್ಪಿರಿಟ್ ಐತಿ. ಹೊಡಕೊಂಡು ಐದು ನಿಮಿಷ ನಿಂದರ್ರಿ, ಆಮ್ಯಾಲೆ ಮಂದ್ಯಾಗ ಹೋಗ್ರಿ" ಎಂದರಂತೆ.

ಹೌದು, ಹೊಡೆದ ಕೂಡಲೇ ಮೂಗು ಚುರುಗುಟ್ಟುತ್ತಿತ್ತು. ತುಸು ತಡೆದರೆ ಲಾವಂಚದ ಬೇರು ನೆನೆಸಿದ ನೀರಿನ ವಾಸನೆ. ಅಣ್ಣನೂ ಹಾಗೇ— ಮೊದಲ ನೋಟಕ್ಕೆ ಗಂಟುಮೋರೆ, ತಡೆದು ನಿಂತವರಿಗಷ್ಟೇ ಗೊತ್ತು. ನಾನು ಎರಡು ವರ್ಷದ ಮಗಳು ಸುಜಾತಾಳನ್ನೆತ್ತಿಕೊಂಡು ಗಂಡನ ಮನೆ ಬಿಟ್ಟು ಬಂದಾಗ, ಅಪ್ಪ ಅವ್ವ ಇಲ್ಲದ ಆ ಮನೆಯ ಬಾಗಿಲು ತೆಗೆದವನು ಏನೂ ಕೇಳಲಿಲ್ಲ. "ಕೂಸಿಗೆ ಹಸಿವಾಗಿರಬೇಕು, ಒಳಗ ಬಾ" ಎಂದ. ಅಷ್ಟೇ. ಇವತ್ತಿನ ತನಕ ಕೇಳಿಲ್ಲ.

ಬಸ್ಸಿನ ಕಂಡಕ್ಟರ್ ಅವನನ್ನು ಕಂಡರೆ ಕೂಗುತ್ತಿದ್ದ: "ಸೆಂಟ್ ಸಾಹೇಬ್ರು ಬಂದ್ರು, ಜಾಗಾ ಬಿಡ್ರಿ!"

"ಟಿಕೀಟು ಹರಿಯೋ ಮಾರಾಯಾ, ವಾಸನಿ ಪುಕ್ಕಟೆ ಐತಿ" ಎನ್ನುತ್ತಿದ್ದ ಅಣ್ಣ. ಕುತ್ತಿಗೆಗೆ ಒಂದು ಸಲ, ಕೈಗೆ ಒಂದು ಸಲ. ಇದರಲ್ಲಿ ಶೋಕಿ ಇರಲಿಲ್ಲ. ಪಕ್ಕದಲ್ಲಿ ಕುಳಿತವರಿಗೆ ತೊಂದರೆಯಾಗದಿರಲಿ ಎಂಬ ಮನುಷ್ಯನ ಲೆಕ್ಕ ಅದು.

ನಾನು ಬಂದು ಐದು ವರ್ಷಕ್ಕೆ ಅವನಿಗೆ ನಂದಗಡದ ಹುಡುಗಿ ಗೊತ್ತಾದಳು. ಅವಳ ಹೆಸರು ಬರೆಯುವುದಿಲ್ಲ. ಅವಳಿಗೀಗ ಅವಳದೇ ಸಂಸಾರವಿದೆ. ಹುಡುಗಿ ನೋಡಿಯಾಗಿತ್ತು, ಅವಳ ಕಡೆಯವರು ನಮ್ಮ ಮನೆ ನೋಡಲು ಬರುವುದಿತ್ತು. ಹಿಂದಿನ ದಿನ ಅಣ್ಣ ಹೇಳಿದ: "ಲಗ್ನ ಆದ ಮ್ಯಾಲೆ ಬೆಳಗಾವಿಯೊಳಗ ಎರಡು ಖೋಲಿ ಹಿಡಿಯೂಣು. ನೀನೂ ಸುಜಾತಾನೂ ಬರ್ರಿ. ಆಕಿಗೆ ಹೇಳೀನಿ, ಹೂಂ ಅಂದಾಳ."

ಹೂಂ ಅಂದಿದ್ದಳು. ನನ್ನನ್ನು ಕಾಣದೆಯೇ ನನಗೆ ಜಾಗ ಕೊಟ್ಟಿದ್ದಳು. ಅದೇ ನನಗೆ—

ಮರುದಿನ ಪಾಳಿ ಮುಗಿದದ್ದು ತಡ. ಅಣ್ಣ ಓಡಿ ಬರುವಷ್ಟರಲ್ಲಿ ಬೀಗರು ಬಂದು ಕುಳಿತಿದ್ದರು. ಬಚ್ಚಲಲ್ಲಿ ಗಡಿಬಿಡಿಯಿಂದ ಮೈ ತೊಳೆದುಕೊಂಡ. ಹೆದರಿಕೆಗೋ ಏನೋ, ಸೆಂಟನ್ನು ನಾಲ್ಕೈದು ಸಲ ಹೊಡೆದುಕೊಂಡ. ಐದು ನಿಮಿಷ ನಿಲ್ಲಲಿಲ್ಲ. ಕಾಲರು ಒದ್ದೆಯಿದ್ದಂತೆಯೇ ಒಳಗೆ ಬಂದು ಹುಡುಗಿಯ ಕಾಕಾನ ಕಾಲಿಗೆ ಬಾಗಿದ. ಆ ಹಿರಿಯರ ಮುಖ ಹಿಂದಕ್ಕೆ ಸರಿದದ್ದನ್ನು ನಾನು ಅಡುಗೆಮನೆಯ ಬಾಗಿಲಿನಿಂದ ಕಂಡೆ. ಹೆಂಡ-ಸೆರೆ ಮುಟ್ಟಿದವರನ್ನು ಹೊಸ್ತಿಲೊಳಗೆ ಬಿಡದ ಲಿಂಗವಂತರ ಮನೆ ಅವರದು.

ನೀರು ಕುಡಿಯುವ ನೆಪದಲ್ಲಿ ಅವರು ನಾನಿದ್ದಲ್ಲಿಗೆ ಬಂದರು. ದನಿ ತಗ್ಗಿಸಿ ಕೇಳಿದರು: "ತಂಗೀ, ತಪ್ಪ ತಿಳಕೋಬ್ಯಾಡವ್ವಾ. ನಿಮ್ಮಣ್ಣ ಕುಡೀತಾನೇನು? ಹಂಗ ವಾಸನಿ ಬಂತು."

ಬಾಟಲಿ ಬಚ್ಚಲಿನ ಗೂಡಿನಲ್ಲಿತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ತೆಗೆದು ಅವರ ಮೂಗಿಗೆ ಹಿಡಿದಿದ್ದರೆ ಅವರೂ ನಗುತ್ತಿದ್ದರು, ನಾನೂ—

"ಈಗ ಕಡಿಮಿ ಮಾಡ್ಯಾನ್ರಿ" ಎಂದೆ.

ಆ ಮಾತಿನ ಕಸುಬುಗಾರಿಕೆ ನೋಡಿ. ಕುಡಿಯುತ್ತಾನೆ ಎಂದಿದ್ದರೆ ಅವರು ಸಂಶಯಪಡುತ್ತಿದ್ದರೇನೋ. ಕಡಿಮೆ ಮಾಡಿದ್ದಾನೆ ಎಂದರೆ, ಪಾಪ, ತಂಗಿ ಅಣ್ಣನನ್ನು ಕಾಯುತ್ತಿದ್ದಾಳೆ ಎಂದು ನಂಬಿದರು. ನನ್ನ ತಲೆಯ ಮೇಲೆ ಕೈಯಿಟ್ಟು ಹೋದರು. ಚಹಾ ಕುಡಿದರು. ನಾಲ್ಕು ದಿನಕ್ಕೆ, ಹುಡುಗನ ಮೈಯಲ್ಲಿ ಸೆರೆಯ ವಾಸನೆ ಬಂತು, ಬೇಡ ಎಂದು ಹೇಳಿಕಳಿಸಿದರು.

ಅತ್ತೆ ಸುದ್ದಿ ತಂದಾಗ ಅಣ್ಣ ಗೂಡಿನ ಕಡೆ ನೋಡಿದ. "ಐದು ನಿಮಿಷ ನಿಂದ್ರಬೇಕಿತ್ತು ನಾ" ಎಂದ. ಎರಡು ಸಲ ಎಂದ. ನಾನು ಏನು ಮಾಡಿದೆ ಗೊತ್ತೇ? "ಅಷ್ಟ್ಯಾಕ ಹೊಡಕೊಂಡಿ ಆ ಹಾಳು ಸೆಂಟ?" ಎಂದು ಅವನಿಗೇ ಬೈದೆ. ನಂದಗಡಕ್ಕೆ ಹೋಗಿ ತಿಳಿಸಿ ಹೇಳುತ್ತೇನೆ ಎಂದು ಹೊರಟವನನ್ನು, "ಹೆಣ್ಣಿನವರ ಮುಂದ ಕೈ ಮುಗೀತಿಯೇನು, ಮಾನ ಐತಿಲ್ಲೋ?" ಎಂದು ತಡೆದೆ. ಅವನು ಬಾಟಲಿಯನ್ನು ಹಿತ್ತಿಲ ಗಟಾರಕ್ಕೆ ಸುರಿದುಬಿಟ್ಟ. ಆ ಲಾವಂಚದ ವಾಸನೆಯಲ್ಲಿ ನಾನು ಎಂಟು ದಿನ ಭಾಂಡೆ ತಿಕ್ಕಿದೆ. ಅಣ್ಣ ಮತ್ತೆ ಸೆಂಟು ಮುಟ್ಟಲಿಲ್ಲ. ಬಸ್ಸಿನಲ್ಲಿ ಜಾಗವಿದ್ದರೂ ಹಿಂದಿನ ಬಾಗಿಲಲ್ಲೇ ನಿಲ್ಲತೊಡಗಿದ. ಸಾಂಬ್ರಾದಿಂದ ಇನ್ನೊಂದು ಸಂಬಂಧದ ಮಾತು ಬಂದು, ಕುಡಿತದ ಸುದ್ದಿ ಕೇಳಿ ಹಿಂದೆ ಹೋಯಿತು. ಆಮೇಲೆ ಯಾರೂ ಬರಲಿಲ್ಲ. ಅವನಿಗೀಗ ನಲವತ್ತೇಳು.

ಈಗ ಕೆಲವರು ನನಗೆ ನೆಪಗಳನ್ನು ತಂದು ಕೊಡುತ್ತಾರೆ. ಗಂಡ ಬಿಟ್ಟವಳು, ಹೆದರಿದ್ದಳು, ಕೂಸಿಗಾಗಿ ಮಾಡಿದಳು ಎನ್ನುತ್ತಾರೆ. ಬೇಡ. ನನ್ನ ಮಗಳನ್ನು ಇದರಲ್ಲಿ ಎಳೆಯಬೇಡಿ. ಸಂಜೆ ಅಣ್ಣ ಬಂದಾಗ ರೊಟ್ಟಿ ಬಡಿಸುವವಳು ನಾನೇ ಆಗಿರಬೇಕಿತ್ತು. ಅವನ ಮನೆಯಲ್ಲಿ ಎರಡನೆಯವಳಾಗಿ ಇರಲು ನನಗೆ ಮನಸ್ಸಿರಲಿಲ್ಲ. ಇಷ್ಟೇ, ಇದಕ್ಕೆ ಬೇರೆ ಹೆಸರಿಲ್ಲ. ನನ್ನ ಪಾಲನ್ನು ಯಾರಿಗೂ ಹಂಚುವುದಿಲ್ಲ. ಆದರೆ ದಿನಾ ಅವನೊಂದಿಗೆ ಅದೇ ಬಸ್ಸಿನಲ್ಲಿ ಬಂದವರೇ, ಅವನು ಒಂದು ದಿನವಾದರೂ ತೂರಾಡಿದ್ದನ್ನು ಕಂಡಿರಾ? ಕಾಣದೆ ನಂಬಿದಿರಲ್ಲ, ಅದು ನಿಮ್ಮ ಪಾಲು. ಅದಕ್ಕೆ ನೀವೇ ಉತ್ತರ ಹೇಳಿಕೊಳ್ಳಿ.

ಈ ವರ್ಷ ಸುಜಾತಾಳಿಗೆ ಕಾಕತಿಯ ಹುಡುಗ ಗೊತ್ತಾದ. ಮಾತುಕತೆಯ ನಡುವೆ ಅವನ ತಾಯಿ ಕೇಳಿದರು: "ಹುಡುಗಿ ಸೋದರಮಾವ ಕುಡೀತಾರಂತ, ಖರೇ ಏನ್ರಿ?" ಆವತ್ತೂ ನಾನು ನೆಲ ನೋಡುತ್ತ ಕುಳಿತೆ. ಈ ಮಾತು ಅಣ್ಣನ ಕಿವಿಗೆ ಬಿತ್ತು. ಸಂಜೆ ಬಂದು ಬೂಟು ಬಿಚ್ಚುತ್ತ ಹೇಳಿದ: "ನಿಶ್ಚಯದ ದಿನ ನಾ ಬರೂದಿಲ್ಲ. ಪಾಳಿ ಐತಿ ಅಂತ ಹೇಳು. ನನ್ನಿಂದ ಕೂಸಿಂದು ಮುರೀಬಾರದು."

ಅವಳನ್ನು ಹೆಗಲ ಮೇಲೆ ಹೊತ್ತು ಸಾಲೆಗೆ ಬಿಟ್ಟವನು. ಅವಳ ನಿಶ್ಚಯಕ್ಕೆ ಕಳ್ಳನ ಹಾಗೆ ದೂರ ನಿಲ್ಲುತ್ತೇನೆ ಎಂದ.

ಅಲ್ಲೇ ಎಲ್ಲ ಹೇಳಿದೆ. ಕಾಕಾ ಕೇಳಿದ್ದು, ನಾನು ಹೇಳಿದ್ದು, ಅದೇ ಮೂರು ಮಾತು. ಅಣ್ಣ ಕೈಯಲ್ಲಿದ್ದ ಬೂಟನ್ನು ಕೆಳಗಿಟ್ಟ. ಆಮೇಲೆ ಕೇಳಿದ: "ಮತ್ತ ಸೆಂಟಿಂದ ಏನೂ ತಪ್ಪಿಲ್ಲೇನು?"

"ಕೇಳೂವಂಗ ಮಾಡಿದ್ದು ಸೆಂಟು, ಅಣ್ಣಾ. ಹೇಳಿದಾಕಿ ನಾನು."

ಬಿಚ್ಚಿದ ಬೂಟನ್ನು ಮತ್ತೆ ಹಾಕಿಕೊಂಡು ಹೊರಟುಹೋದ. ಮೂರು ವಾರವಾಯಿತು, ಬೆಳಗಾವಿಯಲ್ಲಿ ಜೊತೆಗಾರನ ಖೋಲಿಯಲ್ಲಿದ್ದಾನೆ. ಸುಜಾತಾಳಿಗೆ ದಿನಾ ಫೋನು ಮಾಡುತ್ತಾನೆ. ನನಗಿಲ್ಲ.

ಮಗಳಿಗೂ ಹೇಳಿದೆ. ಅವಳು ನನ್ನ ಮುಖ ನೋಡದೆ, "ಮಾವ ಇಲ್ಲದ ನಿಶ್ಚಯ ನನಗ ಬ್ಯಾಡ. ಹೋಗಿ ಹೇಳು" ಎಂದಳು. ಕಾಕತಿಗೆ ಹೋಗಿ ಹಿರಿಯರೆಲ್ಲರ ಮುಂದೆ ಹೇಳಿದೆ. ಅತ್ತೆ ಹಿಂದಿನಿಂದ ಸೆರಗು ಜಗ್ಗಿದಳು, ಬಿಡಿಸಿಕೊಂಡೆ.

ಹುಡುಗನ ಅಜ್ಜ ಎಲೆ ಮಡಿಚುತ್ತ ಕೇಳಿದರು: "ಆಗೂ ನೀವ ಹೇಳಿದ್ರಿ, ಈಗೂ ನೀವ ಹೇಳಾಕ ಹತ್ತೀರಿ. ಯಾವುದನ್ನ ನಂಬೂದವ್ವಾ?"

"ನನ್ನ ನಂಬಬ್ಯಾಡ್ರಿ ಅಜ್ಜಾರ. ಪಾಳಿ ಬಿಡೂ ಹೊತ್ತಿಗೆ ಉದ್ಯಮಬಾಗಕ್ಕ ಹೋಗಿ ಅವನ ಬಾಜೂಕ ನಿಂದರ್ರಿ. ಮೂಗು ನಿಮ್ಮದ ಐತೆಲ್ಲ."

ಅವರು ಇನ್ನೂ ಏನೂ ಹೇಳಿಕಳಿಸಿಲ್ಲ. ಮುರಿದರೂ ನಾನು ಈ ಮಾತನ್ನು ಹಿಂದೆ ತೆಗೆದುಕೊಳ್ಳುವವಳಲ್ಲ.

ನಿನ್ನೆ ಖಡೇ ಬಜಾರಿನ ಆ ಅಂಗಡಿಗೆ ಹೋಗಿದ್ದೆ. ಮುದುಕರಿಲ್ಲ, ಮಗ ಕೂರುತ್ತಾನೆ. "ಯಾರಿಗ್ರಿ ಅಕ್ಕಾರ? ಅವರ ಸ್ವಭಾವ ಹೆಂಗ?" ಎಂದ. "ಬಾಯಿ ಬಿಟ್ಟು ಏನೂ ಕೇಳೂದಿಲ್ಲ" ಎಂದೆ. ಅವನು ಎದ್ದು ಅದೇ ಸೆಂಟನ್ನು ತೆಗೆದುಕೊಟ್ಟ.

ಇದು ಅಣ್ಣನಿಗಲ್ಲ. ಅವನ ಮೈಗೆ ಯಾವ ವಾಸನೆ ಇರಬೇಕು ಎಂದು ಹೇಳುವ ಹಕ್ಕು ನನಗಿಲ್ಲ. ಇದನ್ನು ಹಿಡಿದುಕೊಂಡು ನಾಳೆ ನಂದಗಡಕ್ಕೆ ಹೋಗುತ್ತೇನೆ. ಆ ಕಾಕಾ ಇನ್ನೂ ಇದ್ದಾರೆ, ಕಟ್ಟೆಯ ಮೇಲೆ ನಾಲ್ಕು ಮಂದಿಯ ನಡುವೆ ಕೂರುತ್ತಾರಂತೆ. ಆ ನಾಲ್ಕು ಮಂದಿಯೂ ಇರಲಿ. ಚಹಾ ಬೇಡ ಎನ್ನುತ್ತೇನೆ. ನನ್ನ ಕೈಗೆ ನಾಲ್ಕೈದು ಸಲ ಹೊಡೆದುಕೊಂಡು, ಕೂಡಲೇ ಮೂಸಿರಿ ಎಂದು ಅವರ ಮೂಗಿನ ಮುಂದೆ ಹಿಡಿಯುತ್ತೇನೆ. ಆಮೇಲೆ ಐದು ನಿಮಿಷ ಅವರ ಎದುರೇ ನಿಂತಿರುತ್ತೇನೆ.