ಹದಿನೆಂಟು ರೂಮಿನದೋ, ಛತ್ರವೋ

ನನ್ನ ಹೆಂಡತಿ ಕೀಲುನೋವಿನ ಡಾಕ್ಟರು. ಮೊದಲ ವಾಕ್ಯದಲ್ಲೇ ಹೇಳಿಬಿಟ್ಟೆ ನೋಡಿ, ನನ್ನ ಕಾಯಿಲೆಯೇ ಅದು. ಯಾರಾದರೂ ಪರಿಚಯವಾಗಿ ಎರಡು ನಿಮಿಷ ಕಳೆಯುವುದರೊಳಗೆ ಈ ಸಂಗತಿ ನನ್ನ ಬಾಯಿಂದ ಹೊರಗೆ ಬಿದ್ದಿರುತ್ತದೆ. ಟ್ಯಾಕ್ಸಿ ಓಡಿಸುವವರಿಗೆ ಹೇಳಿದ್ದೇನೆ, ಬಾಯ್ಲರ್ ರಿಪೇರಿಗೆ ಬಂದವನಿಗೆ ಹೇಳಿದ್ದೇನೆ. ಅವನು ಪಾಪ, ಬಾಯ್ಲರ್ ಬಿಚ್ಚಿಟ್ಟು ಅವಳ ಮುಂದೆ ತನ್ನ ಸೊಂಟದ ಕಥೆ ಹೇಳುತ್ತ ಕೂತ. ಆವತ್ತು ಇಡೀ ಸಂಜೆ ಮನೆಯಲ್ಲಿ ಬಿಸಿನೀರಿರಲಿಲ್ಲ.

ನಾವಿರುವುದು ಲಂಡನ್ನಿನ ದಕ್ಷಿಣಕ್ಕಿರುವ ಕ್ರೋಯ್ಡನ್ನಿನಲ್ಲಿ. ಹೋದ ಸೆಪ್ಟೆಂಬರಿನಲ್ಲಿ ಮಗಳು ಯೂನಿವರ್ಸಿಟಿಗೆಂದು ಹೊರಟುಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ ಉಳಿದೆವು. ಒಂದು ಶನಿವಾರ ಬೆಳಿಗ್ಗೆ ಒಗೆದ ಬಟ್ಟೆ ಮಡಿಸುತ್ತಾ ಹೆಂಡತಿ ಹೇಳಿದಳು, ಈ ಸಲ ರಜೆಗೆ ಮೈಸೂರು ಬೇಡ, ನಮ್ಮನ್ನು ಯಾರೂ ಅರಿಯದ ಕಡೆ ಒಂದು ವಾರ ಹೋಗೋಣ ಎಂದು. ಮದುವೆಯಾಗಿ ಇಪ್ಪತ್ತೈದು ವರ್ಷವಾಗುವುದಿತ್ತು. ಅಷ್ಟೂ ವರ್ಷ ನಮ್ಮ ರಜೆಗಳೆಲ್ಲ ಊರಿನ ಮದುವೆ, ನಾಮಕರಣ, ಗೃಹಪ್ರವೇಶಗಳಿಗೇ ಖರ್ಚಾಗಿದ್ದವು. ಊರಿಗೆ ಹೋದರೂ ಅವಳಿಗೆ ಬಿಡುವೆಲ್ಲಿ? ಬೆಳಿಗ್ಗೆ ಕಾಫಿ ಕುಡಿಯುವ ಹೊತ್ತಿಗೆ ಎಕ್ಸ್‌ರೇ ಕವರು ಹಿಡಿದ ನೆಂಟರು ಹಜಾರದಲ್ಲಿ ಸಾಲಾಗಿ ಕೂತಿರುತ್ತಿದ್ದರು. ನಾನು ಅವರಿಗೆ ಕಾಫಿ ಕೊಟ್ಟು, ಯಾರು ಮೊದಲು ಯಾರು ಆಮೇಲೆ ಎಂದು ನೋಡಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಆ ಕೆಲಸ ಇಷ್ಟವಾಗಿತ್ತು.

ಆಸ್ಪತ್ರೆಯ ರೋಟಾದಲ್ಲಿ, ಅಂದರೆ ಡ್ಯೂಟಿ ಪಟ್ಟಿಯಲ್ಲಿ, ಅವಳಿಗೆ ಫೆಬ್ರವರಿಯ ಒಂದು ವಾರ ಸಿಕ್ಕಿತು. ಎಲ್ಲಿಗೆ ಎಂಬುದು ಬೇಗ ತೀರ್ಮಾನವಾಯಿತು. ಅವಳ ಕ್ಲಿನಿಕ್ಕಿನ ಹಿರಿಯ ನರ್ಸ್ ಬಾರ್ಬಡೋಸಿನವರು. ದ್ವೀಪದ ಪಶ್ಚಿಮದ ಕಡೆ ಸಮುದ್ರ ಎಷ್ಟು ಶಾಂತವೆಂದರೆ ಈಜು ಬಾರದವರೂ ಕತ್ತಿನ ತನಕ ನಿಂತುಕೊಳ್ಳಬಹುದು ಎಂದು ಅವರು ವರ್ಷಗಳಿಂದ ಹೇಳುತ್ತಾ ಬಂದಿದ್ದರು. ನಮ್ಮಿಬ್ಬರಿಗೂ ಈಜು ಬರುವುದಿಲ್ಲ. ಉಳಿದದ್ದು ಯಾವ ರಿಸಾರ್ಟ್ ಎಂಬ ಪ್ರಶ್ನೆ ಮಾತ್ರ. ಹುಡುಕಿ ಹುಡುಕಿ ಎರಡಕ್ಕೆ ತಂದು ನಿಲ್ಲಿಸಿದೆವು.

ಮೊದಲನೆಯದು ಭಾರಿ ದೊಡ್ಡದು. ನಾಲ್ಕು ಈಜುಕೊಳ, ಏಳು ಊಟದ ಮನೆ, ದಿನಾ ಸಂಜೆ ಹಾಡು, ಕುಣಿತ, ಎಲ್ಲರೂ ಸೇರಿ ಆಡುವ ಆಟಗಳು. ಫೋಟೋದಲ್ಲಿ ಬಫೆಯ ಮುಂದೆ ಜನ ತಟ್ಟೆ ಹಿಡಿದು ನಿಂತದ್ದನ್ನು ನೋಡಿದವಳೇ ನನ್ನ ಹೆಂಡತಿ, "ಇದು ಥೇಟ್ ಮದುವೆ ಛತ್ರ ಕಣ್ರೀ" ಅಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಛತ್ರವೇ ಆಯಿತು. ಎರಡನೆಯದರಲ್ಲಿ ಇದ್ದದ್ದು ಬರೀ ಹದಿನೆಂಟು ರೂಮು. ಒಂದು ಜಗಲಿ, ಅಲ್ಲೇ ತಿಂಡಿ ಊಟ, ಹತ್ತು ಹೆಜ್ಜೆ ಇಳಿದರೆ ಮರಳು, ಆಮೇಲೆ ಸಮುದ್ರ. ಸಂಜೆಯ ಕಾರ್ಯಕ್ರಮ ಎಂಬ ಜಾಗದಲ್ಲಿ ಸೂರ್ಯಾಸ್ತ ಎಂದು ಬರೆದಿದ್ದರು. ಇದನ್ನು ಓದಿ ಅವಳು ಕಣ್ಣರಳಿಸಿದಳು, ನಾನು ಕಂಗಾಲಾದೆ. ಏಳು ದಿನ ಸೂರ್ಯ ಮುಳುಗುವುದನ್ನು ನೋಡಿ ನಾನು ಯಾರೊಡನೆ ಏನು ಮಾತಾಡಲಿ?

ನಾನು ಸಾಫ್ಟ್‌ವೇರಿನವನು. ಹಾಗಾಗಿ ಎಕ್ಸೆಲ್ ಶೀಟ್ ತೆರೆದೆ. ವಿಮಾನ ನಿಲ್ದಾಣದಿಂದ ದೂರ, ಸಸ್ಯಾಹಾರ, ರೂಮಿನಲ್ಲಿ ಚಹಾ ಮಾಡಿಕೊಳ್ಳುವ ಅನುಕೂಲ, ಮಳೆ ಬಂದರೆ ಏನು ಗತಿ, ಹೀಗೆ ಒಂದೊಂದಕ್ಕೂ ಅಂಕ ಹಾಕಿದೆ. ಛತ್ರವೇ ಗೆದ್ದಿತು. ಅವಳು ಶೀಟನ್ನು ಮೇಲಿನಿಂದ ಕೆಳಗೆ ನೋಡಿ, ಸಂಜೆಯ ಮನರಂಜನೆಗೆ ಮೂರು ಬೇರೆ ಬೇರೆ ಕಾಲಮ್ ಯಾಕಿವೆ ಎಂದು ಕೇಳಿದಳು. ಅವಳ ಲೆಕ್ಕದಲ್ಲಿ ಒಂದೇ ಕಾಲಮ್ ಇತ್ತು, ಅಲ್ಲಿ ಎಷ್ಟು ಜನ ಇರುತ್ತಾರೆ ಎಂಬುದು. ಎರಡು ವಾರ ಹೀಗೇ ಹಗ್ಗ ಜಗ್ಗಿದೆವು. ಜಗಳವೇನಲ್ಲ, ಆದರೆ ಇಬ್ಬರೂ ಬಿಟ್ಟುಕೊಡಲಿಲ್ಲ.

ಆಗ ನನಗೊಂದು ಉಪಾಯ ಹೊಳೆಯಿತು. ನಮ್ಮವರಲ್ಲಿ ಫ್ರಿಜ್ ಕೊಳ್ಳುವುದಿದ್ದರೂ ನಾಲ್ಕು ಜನರನ್ನು ಕೇಳದೆ ಕೊಳ್ಳುವ ಪದ್ಧತಿಯಿಲ್ಲ. ಆ ಭಾನುವಾರ ಲಂಡನ್ನಿನ ಇನ್ನೊಂದು ತುದಿಯ ಕೊಲಿಂಡೇಲಿನಲ್ಲಿ, ಹೊಸದಾಗಿ ಫ್ಲ್ಯಾಟಿಗೆ ಬಂದ ಚಿಕ್ಕ ವಯಸ್ಸಿನ ದಂಪತಿಗಳ ಮನೆಯಲ್ಲಿ ಸತ್ಯನಾರಾಯಣ ಪೂಜೆಯಿತ್ತು. ಹತ್ತಿಪ್ಪತ್ತು ಕನ್ನಡದವರು ಸೇರುತ್ತಾರೆ. ಅವರ ಮುಂದೆ ಎರಡೂ ರಿಸಾರ್ಟ್ ಇಟ್ಟರೆ ಎಲ್ಲರೂ ಛತ್ರಕ್ಕೇ ಕೈ ಎತ್ತುತ್ತಾರೆ, ಬಹುಮತದ ಮುಂದೆ ಇವಳು ಒಪ್ಪಲೇಬೇಕು ಎಂದು ನನ್ನ ಲೆಕ್ಕಾಚಾರ. ಹೆಂಡತಿಗೆ ಏನೂ ಹೇಳಲಿಲ್ಲ.

ಪೂಜೆ ಮುಗಿದು ಸಪಾದ ಹಂಚುವಾಗ ಅವಳು ಒಳಗಿನ ರೂಮಿನಲ್ಲಿದ್ದಳು. ಯಾರದೋ ಅತ್ತೆಯ ಬೆರಳು ನೋಡುತ್ತಿದ್ದಳು. ಅವರನ್ನು ಅವಳ ಹತ್ತಿರ ಕಳಿಸಿದವನು ನಾನೇ. ಇತ್ತ ನಾನು ಫೋನು ತೆಗೆದು ಎರಡೂ ರಿಸಾರ್ಟುಗಳ ಫೋಟೋ ತೋರಿಸಿದೆ. ಫೋನು ಕೈಯಿಂದ ಕೈಗೆ ಹೋಯಿತು. ಹದಿನೆಂಟು ರೂಮಿನದನ್ನು ನೋಡಿ ಒಬ್ಬರು, ಇದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು ಎಂದರು. ಛತ್ರ ನೋಡಿದ ಎಲ್ಲರ ಮುಖ ಅರಳಿತು. ಎಲ್ಲರ ವೋಟೂ ಛತ್ರಕ್ಕೇ ಬಿತ್ತು. ಆದರೆ ವಿಷಯ ಅಲ್ಲಿಗೆ ನಿಲ್ಲಲಿಲ್ಲ.

ಧಾರವಾಡ ಕಡೆಯ ನಮ್ಮ ಗೆಳೆಯರೊಬ್ಬರಿದ್ದಾರೆ, ರೈಲ್ವೆಯಲ್ಲಿ ಎಂಜಿನಿಯರು, ಬಲು ಹುರುಪಿನ ಮನುಷ್ಯ. ಅವರು ಫೋನು ಕೆಳಗಿಟ್ಟು, ಮಕ್ಕಳಿಗೆ ಫೆಬ್ರವರಿಯಲ್ಲಿ ಹೇಗೂ ರಜೆಯಿದೆ, ತಾವೂ ಇಂಥದ್ದನ್ನೇ ಹುಡುಕುತ್ತಿದ್ದೆವು, ಎಲ್ಲರೂ ಕೂಡಿ ಹೋಗೋಣ ಎಂದರು. ಇನ್ನೆರಡು ಮನೆಯವರು ಹೂಂ ಎಂದರು. ಊಟಕ್ಕೆ ಎಲೆ ಹಾಕುವುದರೊಳಗೆ ವಾಟ್ಸಾಪಿನಲ್ಲಿ 'ಕೆರಿಬಿಯನ್ ಕನ್ನಡಿಗರು' ಎಂಬ ಗುಂಪು ಹುಟ್ಟಿತ್ತು. ರೈಸ್ ಕುಕ್ಕರ್ ಯಾರು ತರುವುದು, ಈಸ್ಟ್ ಹ್ಯಾಮಿನ ನಮ್ಮವರ ಅಂಗಡಿಯಿಂದ ಪುಳಿಯೋಗರೆ ಗೊಜ್ಜು ಯಾರು ತರುವುದು ಎಂದು ಹಂಚಿಕೆಯೂ ಆಯಿತು. ನಾನು, ನಾಚಿಕೆಯಿಲ್ಲದೆ ಹೇಳುತ್ತೇನೆ, ಖುಷಿಯಲ್ಲಿ ತೇಲುತ್ತಿದ್ದೆ. ಅಷ್ಟರಲ್ಲಿ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಧಾರವಾಡದ ಗೆಳೆಯರ ಹೆಂಡತಿ ಅವಳ ಕೈ ಹಿಡಿದುಕೊಂಡು ಹೇಳಿದರು:

"ವೈನಿ, ನೀವು ಸಂಗಡ ಇರ್ತೀರಂದ್ರ ನಮ್ಮವ್ವನ್ನೂ ಕರ್ಕೊಂಡು ಬರ್ತೀವ್ರಿ. ಒಂದು ವಾರ ಆಕಿ ಮೊಣಕಾಲು ನಿಮ್ಮ ಕಣ್ಣ ಮುಂದ ಇದ್ದಂಗಾಗ್ತದ."

ಅವರ ಮಾತಿನಲ್ಲಿ ಪ್ರೀತಿಯಿತ್ತೇ ಹೊರತು ಬೇರೇನೂ ಇರಲಿಲ್ಲ. ನನ್ನ ಹೆಂಡತಿ ನಕ್ಕು, ಆಯಿತು ಎಂಬಂತೆ ತಲೆಯಾಡಿಸಿದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ಊಟ ಬಡಿಸುವ ನೆಪದಲ್ಲಿ ಎದ್ದುಹೋದೆ.

ವಾಪಸು ಬರುವಾಗ ನಾರ್ದರ್ನ್ ಲೈನಿನ ಮೆಟ್ರೊದಲ್ಲಿ ಅವಳು ಎದುರಿನ ಜಾಹೀರಾತುಗಳನ್ನು ಓದುತ್ತಾ ಕೂತಿದ್ದಳು. ನಾನು ಮೂರು ಸಲ ಬಾಯಿ ತೆರೆದು ಮೂರು ಸಲವೂ ಮುಚ್ಚಿದೆ. ನನ್ನ ಮಟ್ಟಿಗೆ ಅದೇ ಒಂದು ದಾಖಲೆ. ಲಂಡನ್ ಬ್ರಿಡ್ಜಿನಲ್ಲಿ ಕ್ರೋಯ್ಡನ್ನಿನ ರೈಲು ಹತ್ತಿ ಕೂತ ಮೇಲೆ, ಅವಳಿಗೆ ಈ ರೋಗಿಗಳಿಂದ, ಜನರಿಂದ ಎಷ್ಟು ಕಾಟ ಎಂದು ನಾನೇ ಮಾತು ತೆಗೆದೆ, ಸಮಾಧಾನ ಮಾಡುವ ಧಾಟಿಯಲ್ಲಿ. ಅವಳು ಕೋಪ ಮಾಡಿಕೊಳ್ಳಲಿಲ್ಲ. ಮೆತ್ತಗೆ ಹೇಳಿದಳು.

"ಜನ ತಾವಾಗಿ ಬರಲ್ಲ ರೀ. ನೀವು ಕಳಿಸ್ತೀರ. ಆಸ್ಪತ್ರೆಯಿಂದ ನನಗೆ ರಜೆ ಸಿಗುತ್ತೆ, ನಿಮ್ಮಿಂದ ಸಿಗಲ್ಲ."

ಅದನ್ನು ಕೇಳಿ ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಅಲ್ಲ ಎಂದು ವಾದಿಸಲು ಒಂದೇ ಒಂದು ಉದಾಹರಣೆಯಾದರೂ ಸಿಗುತ್ತದೆಯೇ ಎಂದು ಈಸ್ಟ್ ಕ್ರೋಯ್ಡನ್ ಬರುವ ತನಕ ಹುಡುಕಿದೆ. ಸಿಗಲಿಲ್ಲ. ಬಾಯ್ಲರಿನವನನ್ನು ಕಳಿಸಿದ್ದು ನಾನು. ಊರಿನ ಹಜಾರದಲ್ಲಿ ಸಾಲು ಕೂರಿಸಿದ್ದು ನಾನು. ಒಮ್ಮೆ ವಿಮಾನದಲ್ಲಿ ಅವಳು ನಿದ್ದೆ ಮಾಡುತ್ತಿದ್ದಾಗ ಎಬ್ಬಿಸಿ ಪಕ್ಕದ ಸೀಟಿನವರ ಭುಜ ತೋರಿಸಿದ್ದೂ ನಾನೇ. ನಾವು ಈ ದೇಶಕ್ಕೆ ಬಂದ ಹೊಸದರಲ್ಲಿ ಅವಳು ಅಡಿಗೆಮನೆಯ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು ಗೆದ್ದದ್ದನ್ನು ಕಣ್ಣಾರೆ ಕಂಡವನು ನಾನು. ನನಗೆ ಅವಳ ಬಗ್ಗೆ ಹೆಮ್ಮೆ. ಆ ಹೆಮ್ಮೆಯನ್ನು ಊರಿಗೆಲ್ಲ ಹಂಚುತ್ತಾ ಹಂಚುತ್ತಾ ಅವಳನ್ನೇ ಹಂಚಿಬಿಟ್ಟಿದ್ದೆ. ಅಂದು ರೈಲಿನಲ್ಲಿ ನನಗೆ ನಿಜವಾಗಿ ನಾಚಿಕೆಯಾಯಿತು.

ಮರುದಿನ ಎಕ್ಸೆಲ್ ಶೀಟ್ ಅಳಿಸಿ ಹದಿನೆಂಟು ರೂಮಿನದನ್ನೇ ಬುಕ್ ಮಾಡಿದೆ. ಸುಲಭದ ಕೆಲಸ ಅದು. ಕಷ್ಟದ್ದು ಗುಂಪಿನವರಿಗೆ ಹೇಳುವುದು. ರೋಟಾ ಬದಲಾಯಿತು ಎನ್ನಲೇ, ನನ್ನ ಆಫೀಸಿನ ಕೆಲಸ ಬಂತು ಎನ್ನಲೇ ಎಂದು ಹೆಂಡತಿಯನ್ನು ಕೇಳಿದೆ. ಸುಳ್ಳು ಹೇಳುವುದಾದರೆ ನೀವೊಬ್ಬರೇ ಛತ್ರಕ್ಕೆ ಹೋಗಿ ಬನ್ನಿ ಎಂದಳು. ಕೊನೆಗೆ ಟ್ರ್ಯಾಮಿಗೆ ಕಾಯುತ್ತಾ ನಿಂತಿದ್ದಾಗ ಧೈರ್ಯ ಮಾಡಿ ಧಾರವಾಡದ ಗೆಳೆಯರಿಗೆ ಫೋನು ಮಾಡಿದೆ. ನಾವಿಬ್ಬರೇ ಹೋಗಬೇಕು ಅಂತಿದ್ದೇವೆ ಎಂದೆ. ಐವತ್ತು ದಾಟಿದ ಗಂಡಸು ಈ ಮಾತನ್ನು ಇನ್ನೊಬ್ಬ ಗಂಡಸಿಗೆ ಕನ್ನಡದಲ್ಲಿ ಹೇಳುವುದು ಎಷ್ಟು ಮುಜುಗರ ಎಂದು ಹೇಳಿದವರಿಗೇ ಗೊತ್ತು. ಪಕ್ಕದಲ್ಲಿ ನಿಂತವರಿಗೆ ಭಾಷೆ ತಿಳಿಯದಿದ್ದರೂ ನನ್ನ ಕಿವಿ ಬಿಸಿಯಾಯಿತು.

ಆ ಕಡೆಯಿಂದ ದೊಡ್ಡ ನಗು ಬಂತು. ಈ ವಯಸ್ಸಿನಲ್ಲಿ ಹನಿಮೂನೇ ಎಂದು ಸಾಕಷ್ಟು ಕಾಲೆಳೆದರು. ಆಮೇಲೆ ದನಿ ತಗ್ಗಿಸಿ, "ನಮ್ಮಾಕಿನೂ ಹತ್ತು ವರ್ಷದಿಂದ ಹಿಂಗ ಅನ್ನಾಕ್ಹತ್ಯಾಳ್ರಿ, ನಾನ ಕಿವಿಗೆ ಹಾಕ್ಕೊಂಡಿಲ್ಲ" ಎಂದರು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಮೂರು ಮನೆಯವರೂ ಛತ್ರಕ್ಕೆ ಬುಕ್ ಮಾಡಿ ಹೋಗಿ ಬಂದರು. ಧಾರವಾಡದವರ ಅವ್ವ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಸಂಜೆಯ ಕುಣಿತ ನೋಡುತ್ತಾ ಚಪ್ಪಾಳೆ ತಟ್ಟುವ ವಿಡಿಯೋ ನಮಗೂ ಬಂತು.

ಇನ್ನು ಹದಿನೆಂಟು ರೂಮಿನ ಕಥೆ. ಜಾಗವೇನೋ ಫೋಟೋದಲ್ಲಿದ್ದಂತೆಯೇ ಇತ್ತು. ಆದರೆ ನಮ್ಮಿಬ್ಬರಿಗೂ ಹೊಳೆಯದ ಒಂದು ಸಂಗತಿಯಿತ್ತು. ದೊಡ್ಡ ಜಾಗದಲ್ಲಿ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ, ಚಿಕ್ಕ ಜಾಗದಲ್ಲಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ದಿನಾ ಬೆಳಿಗ್ಗೆ ಅದೇ ಜಗಲಿ, ಅದೇ ಮುಖಗಳು. ಎರಡನೆಯ ದಿನಕ್ಕೇ ಎಲ್ಲರೂ ಹಲೋ ಹೇಳುತ್ತಿದ್ದರು. ನಾನು ಹವಾಮಾನ, ಕ್ರಿಕೆಟ್ಟು, ಪಪ್ಪಾಯಿ ಹಣ್ಣು ಇಷ್ಟರಲ್ಲೇ ಸುತ್ತುತ್ತಿದ್ದೆ. ಅವಳು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೀರಿಗಿಳಿಯುತ್ತಿದ್ದಳು. ಅಲ್ಲಿನ ಕೆಲಸದ ಹೆಂಗಸೊಬ್ಬರು ಬೆನ್ನ ಕೆಳಗೆ ಕೈಯಿಟ್ಟು ಅವಳನ್ನು ಮಲಗಿಸಿ ತೇಲುವುದು ಹೇಳಿಕೊಡುತ್ತಿದ್ದರು. ಅವಳು ಅಷ್ಟು ಜೋರಾಗಿ ನಗುವುದನ್ನು ಕೇಳಿ ಬಹಳ ವರ್ಷವಾಗಿತ್ತು.

ನಾಲ್ಕನೆಯ ದಿನ ತಿಂಡಿಯ ಹೊತ್ತಿಗೆ ಪಕ್ಕದ ಮೇಜಿನ ಹಿರಿಯರೊಬ್ಬರು, ನಿವೃತ್ತ ಮೇಷ್ಟ್ರು, ಕುರ್ಚಿಯಿಂದ ಏಳಲಾರದೆ ಮತ್ತೆ ಕೂತರು. ಮೊಣಕಾಲು ಉಜ್ಜಿಕೊಳ್ಳುತ್ತಾ, ಬೆಳಿಗ್ಗೆ ಹೊತ್ತು ಇದು ಮಡಚುವುದೇ ಇಲ್ಲ, ಒಳ್ಳೆ ಡಾಕ್ಟರು ಸಿಗುವುದಿಲ್ಲ ಎಂದು ನನ್ನನ್ನೇ ನೋಡಿ ಹೇಳಿದರು. ನಾಲಿಗೆಯ ತುದಿಗೆ ಬಂದಿತ್ತು. ಪಪ್ಪಾಯಿಯ ದೊಡ್ಡ ಹೋಳೊಂದನ್ನು ಬಾಯಿಗೆ ತುರುಕಿಕೊಂಡೆ. ಹೆಂಡತಿ ತಲೆ ತಗ್ಗಿಸಿ ಟೋಸ್ಟಿಗೆ ಬೆಣ್ಣೆ ಹಚ್ಚುತ್ತಿದ್ದಳು, ಹಚ್ಚಿದ ಜಾಗಕ್ಕೇ ಮತ್ತೆ ಮತ್ತೆ ಹಚ್ಚುತ್ತಿದ್ದಳು. ಅವರು ಬಿಡಲಿಲ್ಲ. ನೀವು ಏನು ಕೆಲಸ ಮಾಡುತ್ತೀರಿ ಎಂದರು, ಹೇಳಿದೆ. ನಿಮ್ಮ ಹೆಂಡತಿ ಏನು ಕೆಲಸ ಮಾಡುತ್ತಾರೆ ಎಂದರು.

ನಾನು ಹಣ್ಣು ನುಂಗಿ, ಅವಳನ್ನೇ ಕೇಳಿ ಎಂದೆ.

ಅವಳು ಚಾಕು ಕೆಳಗಿಟ್ಟು ನನ್ನನ್ನು ನೋಡಿದಳು. ಆಮೇಲೆ ಅವರ ಕಡೆ ತಿರುಗಿ, ಈ ವಾರ ತಾನು ಸಮುದ್ರದಲ್ಲಿ ತೇಲುವುದು ಕಲಿಯುತ್ತಿದ್ದೇನೆ, ನಿನ್ನೆ ಯಾರೂ ಹಿಡಿದುಕೊಳ್ಳದೆ ಹತ್ತು ಎಣಿಸುವಷ್ಟು ಹೊತ್ತು ತೇಲಿದೆ ಎಂದಳು. ಅದನ್ನು ಹೇಳುವಾಗ ಅವಳ ಮುಖ ಕೆಂಪಾಗಿತ್ತು. ಮೇಷ್ಟ್ರು ಮೊಣಕಾಲು ಮರೆತು, ಭೇಷ್ ಎಂದು ಕೈ ಕುಲುಕಿದರು. ಮದುವೆಯಾದಂದಿನಿಂದ ನಾನು ಆ ಪ್ರಶ್ನೆಗೆ ಅವಳ ಪರವಾಗಿ ಎಷ್ಟು ಸಾವಿರ ಸಲ ಉತ್ತರ ಕೊಟ್ಟಿದ್ದೆನೋ. ಅವಳೇ ಕೊಟ್ಟ ಉತ್ತರವನ್ನು ಕೇಳಿದ್ದು ಅದೇ ಮೊದಲು.